ಟಸ್ಟುಮೀನಾ: ರಸ್ತೆ ಇಲ್ಲದ ಊರುಗಳಿಗೆ ಆರು ದಶಕಗಳಿಂದ ಓಡುತ್ತಿರುವ ಹಡಗು

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸಾಲುಗಟ್ಟಿ ಕಾಯುವುದು ತಪ್ಪಿತು. ಕೊನೆಯ ಲಾಂಚು ಹೊರಟುಹೋದರೆ ಈ ದಡದಲ್ಲೇ ರಾತ್ರಿ ಕಳೆಯಬೇಕಾಗುತ್ತಿದ್ದ ತುಮರಿ ಭಾಗದವರಿಗೆ ಸಾಗರದ ಆಸ್ಪತ್ರೆ, ಕಾಲೇಜು, ಪೇಟೆ ಎಲ್ಲವೂ ಹತ್ತಿರವಾದವು. ಆಗ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು: ಜನರನ್ನೂ ವಾಹನಗಳನ್ನೂ ಒಟ್ಟಿಗೆ ದಾಟಿಸುವ ಲಾಂಚು, ಬಾರ್ಜುಗಳ ಕಾಲ ಇನ್ನು ಮುಗಿಯಿತೇ?

ಎಲ್ಲ ಕಡೆಗೂ ಹೊಂದುವ ಉತ್ತರ ಇದಕ್ಕಿಲ್ಲ. ಎರಡೂವರೆ ಕಿಲೋಮೀಟರ್ ಹಿನ್ನೀರಿನ ಮೇಲೆ ಸೇತುವೆ ಕಟ್ಟಬಹುದು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹರಡಿದ ತೆರೆದ ಸಮುದ್ರದ ಮೇಲೆ ಕಟ್ಟಲಾಗದು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ 1964ರಲ್ಲೇ ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ ಟಸ್ಟುಮೀನಾ ಎಂಬ ಹಡಗು ಜನ ಮತ್ತು ವಾಹನಗಳನ್ನು ಸಾಗಿಸಲು ಆರಂಭಿಸಿತು. ಆ ಹಡಗು ಇಂದಿಗೂ ಅದೇ ಕೆಲಸದಲ್ಲಿದೆ. ಅಷ್ಟು ಹಳೆಯ ಹಡಗನ್ನು ಏಕೆ ಇನ್ನೂ ಓಡಿಸುತ್ತಾರೆ, ಅದು ನಿಂತರೆ ಯಾರಿಗೆ ಏನಾಗುತ್ತದೆ, ಅಮೆರಿಕದಂಥ ಶ್ರೀಮಂತ ದೇಶಕ್ಕೂ ಹೊಸ ಹಡಗು ತರುವುದು ಏಕೆ ಇಷ್ಟು ಕಷ್ಟವಾಗಿದೆ ಎಂಬುದನ್ನು ಬುಡದಿಂದ ನೋಡೋಣ.

ಎಲ್ಲಿಂದ ಎಲ್ಲಿಗೆ

ಅಲಾಸ್ಕಾ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಒಂಬತ್ತು ಪಟ್ಟು ದೊಡ್ಡದು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 7.33 ಲಕ್ಷ, ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಇಷ್ಟು ವಿಶಾಲ ನೆಲದಲ್ಲಿ ಇಷ್ಟು ಕಡಿಮೆ ಜನ ಚದುರಿಕೊಂಡಿರುವುದರಿಂದ ರಸ್ತೆಗಳು ರಾಜ್ಯದ ಬಹುಭಾಗವನ್ನು ಮುಟ್ಟಿಯೇ ಇಲ್ಲ. ರಾಜಧಾನಿ ಜೂನೋ ನಗರಕ್ಕೂ ಹೊರಗಿನಿಂದ ರಸ್ತೆಯಿಲ್ಲ. ಅಲ್ಲಿಗೆ ವಿಮಾನದಲ್ಲಿ ಅಥವಾ ಹಡಗಿನಲ್ಲಿಯೇ ಹೋಗಬೇಕು.

ಭೂಪಟದಲ್ಲಿ ಅಲಾಸ್ಕಾದ ನೈಋತ್ಯ ದಿಕ್ಕನ್ನು ನೋಡಿದರೆ ಉದ್ದನೆಯ ಪರ್ಯಾಯ ದ್ವೀಪವೊಂದು ಕಾಣುತ್ತದೆ. ಅದು ಮುಗಿದಲ್ಲಿಂದ ಅಲ್ಯೂಷಿಯನ್ ದ್ವೀಪಗಳು ಒಂದರ ಹಿಂದೆ ಒಂದರಂತೆ ಏಷ್ಯಾದ ಕಡೆಗೆ ಸಾಗುತ್ತವೆ. ಉತ್ತರಕ್ಕೆ ಬೇರಿಂಗ್ ಸಮುದ್ರ, ದಕ್ಷಿಣಕ್ಕೆ ಪೆಸಿಫಿಕ್ ಮಹಾಸಾಗರ. ಟಸ್ಟುಮೀನಾ ಓಡಾಡುವುದು ಈ ದಂಡೆಯುದ್ದಕ್ಕೆ.

ಹಡಗು ಹೊರಡುವುದು ಹೋಮರ್ ಎಂಬ ಊರಿನಿಂದ. ರಾಜ್ಯದ ದೊಡ್ಡ ನಗರ ಆಂಕರೇಜ್‌ನಿಂದ ಬರುವ ಹೆದ್ದಾರಿ ಹೋಮರ್‌ನಲ್ಲಿ ಕೊನೆಯಾಗುತ್ತದೆ, ಮುಂದೆ ನೀರು. ಅಲ್ಲಿಂದ ಒಂದು ರಾತ್ರಿಯ ಪಯಣದಷ್ಟು ದೂರದಲ್ಲಿ ಕೋಡಿಯಾಕ್ ದ್ವೀಪವಿದೆ. ವರ್ಷದ ಹೆಚ್ಚಿನ ಓಡಾಟ ಈ ಎರಡು ಊರುಗಳ ಮತ್ತು ಕೋಡಿಯಾಕ್ ಸುತ್ತಲಿನ ಸಣ್ಣ ಊರುಗಳ ನಡುವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ತಿಂಗಳಿಗೆ ಒಂದೆರಡು ಸಲ, ಹಡಗು ಇನ್ನೂ ಪಶ್ಚಿಮಕ್ಕೆ ಹೋಗುತ್ತದೆ: ಚಿಗ್ನಿಕ್, ಸ್ಯಾಂಡ್ ಪಾಯಿಂಟ್, ಕಿಂಗ್ ಕೋವ್, ಕೋಲ್ಡ್ ಬೇ, ಫಾಲ್ಸ್ ಪಾಸ್, ಅಕುಟಾನ್, ಕಡೆಗೆ ಉನಲಾಸ್ಕಾ ಪಟ್ಟಣದ ಡಚ್ ಹಾರ್ಬರ್ ಬಂದರು. ಗಂಟೆಗೆ 24–25 ಕಿಲೋಮೀಟರ್ ವೇಗದಲ್ಲಿ, ಪ್ರತಿ ಊರಿನಲ್ಲೂ ನಿಂತು, ಒಂದು ಕಡೆಯ ಪಯಣಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು.

ಈ ಊರುಗಳ ಗಾತ್ರವೂ ಗೊತ್ತಿರಬೇಕು. ಉನಲಾಸ್ಕಾದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಕಿಂಗ್ ಕೋವ್‌ನಲ್ಲಿ ಏಳುನೂರು ಚಿಲ್ಲರೆ. ಚಿಗ್ನಿಕ್‌ನಲ್ಲಿ ನೂರರ ಆಸುಪಾಸು. ಕೋಲ್ಡ್ ಬೇಯಲ್ಲಿ ಸುಮಾರು ಐವತ್ತು. ಮೀನು ಹಿಡಿಯುವುದು, ಸಂಸ್ಕರಿಸುವುದು ಇಲ್ಲಿನ ಬದುಕು. ತೂಕದ ಲೆಕ್ಕದಲ್ಲಿ ಅಮೆರಿಕದ ಬೇರಾವ ಬಂದರಿಗಿಂತಲೂ ಹೆಚ್ಚು ಮೀನು ದಡ ಸೇರುವುದು ಡಚ್ ಹಾರ್ಬರ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ, 1942ರ ಜೂನ್‌ನಲ್ಲಿ, ಜಪಾನಿನ ವಿಮಾನಗಳು ಬಾಂಬು ಹಾಕಿದ ಊರೂ ಇದೇ.

ರಸ್ತೆ ಏಕಿಲ್ಲ

ದ್ವೀಪಗಳಿಗೆ ರಸ್ತೆ ಇಲ್ಲದಿರುವುದು ಸರಿ. ಆದರೆ ಚಿಗ್ನಿಕ್, ಕಿಂಗ್ ಕೋವ್, ಕೋಲ್ಡ್ ಬೇ ಇರುವುದು ಮುಖ್ಯ ಭೂಭಾಗದ ಮೇಲೆಯೇ. ಅಲ್ಲಿಗಾದರೂ ರಸ್ತೆ ಮಾಡಬಾರದೇ?

ಮೊದಲ ಅಡ್ಡಿ ನೆಲದ್ದೇ. ಇದು ಪೆಸಿಫಿಕ್ ಸಾಗರದ ತಳ ಉತ್ತರ ಅಮೆರಿಕದ ಭೂತಟ್ಟೆಯ (ಭೂಮಿಯ ಹೊರಪದರದ ಬೃಹತ್ ತುಂಡಿನ) ಅಡಿಗೆ ಜಾರುತ್ತಿರುವ ಜಾಗ. ಆದ್ದರಿಂದ ಪರ್ಯಾಯ ದ್ವೀಪದ ಉದ್ದಕ್ಕೂ ಜೀವಂತ ಜ್ವಾಲಾಮುಖಿಗಳು, ಪದೇ ಪದೇ ಭೂಕಂಪ. 1964ರ ಮಾರ್ಚ್ 27ರಂದು ಅಲಾಸ್ಕಾದಲ್ಲಿ 9.2 ತೀವ್ರತೆಯ ಭೂಕಂಪವಾಯಿತು. ಉತ್ತರ ಅಮೆರಿಕದಲ್ಲಿ ದಾಖಲಾದವುಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅದರ ಹಿಂದೆಯೇ ಬಂದ ಸುನಾಮಿ ಕೋಡಿಯಾಕ್ ಪಟ್ಟಣದ ಪೇಟೆಯನ್ನು ಕೊಚ್ಚಿಹಾಕಿತು. ಹೋಮರ್‌ನಲ್ಲಿ ಸಮುದ್ರದೊಳಕ್ಕೆ ಚಾಚಿರುವ ಮರಳು-ಜಲ್ಲಿಯ ದಿಬ್ಬ ಹಲವು ಅಡಿ ಕುಸಿಯಿತು. ಟಸ್ಟುಮೀನಾ ಕೆಲಸ ಆರಂಭಿಸಿದ್ದು ಅದೇ ವರ್ಷ, ಗಾಯ ಮಾಯದ ಬಂದರುಗಳ ನಡುವೆ.

ಎರಡನೆಯದು ಲೆಕ್ಕಾಚಾರ. ನೂರಾರು ಕಿಲೋಮೀಟರ್ ಉದ್ದದ ಹಿಮಪರ್ವತ, ಜೌಗು, ನದಿಗಳನ್ನು ದಾಟಿ ಐವತ್ತೋ ನೂರೋ ಜನರಿರುವ ಊರಿಗೆ ರಸ್ತೆ ಹಾಕಿದರೂ ಪ್ರತಿ ಚಳಿಗಾಲ ಹಿಮ ತೆಗೆದು ಅದನ್ನು ಉಳಿಸಿಕೊಳ್ಳುವ ಖರ್ಚಿಗೆ ಕೊನೆಯಿಲ್ಲ.

ಮೂರನೆಯ ಅಡ್ಡಿ ಕಾನೂನಿನದು. ಇದಕ್ಕೆ ಕಿಂಗ್ ಕೋವ್‌ಗಿಂತ ಸ್ಪಷ್ಟ ಉದಾಹರಣೆ ಸಿಗದು. ಬೆಟ್ಟಗಳ ನಡುವೆ ಇರುವ ಈ ಊರಿನ ವಿಮಾನದ ಪಟ್ಟಿ ಚಿಕ್ಕದು, ಗಾಳಿ ವಿಪರೀತ. ಸಣ್ಣ ವಿಮಾನಗಳು ಇಳಿಯಲಾಗದ ದಿನಗಳು ಬಹಳ. ಮೂವತ್ತು ಕಿಲೋಮೀಟರ್ ಆಚೆಗಿನ ಕೋಲ್ಡ್ ಬೇಯಲ್ಲಿ ಮಹಾಯುದ್ಧದ ಕಾಲದಲ್ಲಿ ಕಟ್ಟಿದ, ಈಗ ಸುಮಾರು ಮೂರು ಕಿಲೋಮೀಟರ್ ಉದ್ದವಿರುವ ರನ್‌ವೇ ಇದೆ. ತುರ್ತು ಚಿಕಿತ್ಸೆ ಬೇಕಾದವರನ್ನು ಅಲ್ಲಿಗೆ ತಲುಪಿಸಿದರೆ ಆಂಕರೇಜ್‌ನ ಆಸ್ಪತ್ರೆಗೆ ಸಾಗಿಸಬಹುದು. ಆದರೆ ನಡುವೆ ಇಜೆಂಬೆಕ್ ವನ್ಯಜೀವಿಧಾಮವಿದೆ. ಅಲ್ಲಿನ ಕೊಲ್ಲಿಯಲ್ಲಿ ಬೆಳೆಯುವ ಸಮುದ್ರದ ಹುಲ್ಲನ್ನು ತಿನ್ನಲು ಪೆಸಿಫಿಕ್ ಕರಾವಳಿಯ ಕಪ್ಪು ಬ್ರಾಂಟ್ ಹೆಬ್ಬಾತುಗಳಲ್ಲಿ ಬಹುಪಾಲು ಶರತ್ಕಾಲದಲ್ಲಿ ಬಂದಿಳಿಯುತ್ತವೆ. 1980ರ ಕಾನೂನು ಇದರ ಹೆಚ್ಚಿನ ಭಾಗವನ್ನು ರಸ್ತೆ ನಿಷಿದ್ಧ ಕಾಡುಪ್ರದೇಶವೆಂದು ಘೋಷಿಸಿತು. ಜೀವ ಉಳಿಸಲು ರಸ್ತೆ ಬೇಕು ಎಂದು ಊರಿನವರು. ಒಮ್ಮೆ ರಸ್ತೆ ಬಿದ್ದರೆ ಹಕ್ಕಿಗಳ ನೆಲೆ ಹಾಳಾಗುತ್ತದೆ ಎಂದು ಇನ್ನೊಂದು ಕಡೆಯವರು. 2013ರಲ್ಲಿ ಒಕ್ಕೂಟ ಸರಕಾರದ ಒಳಾಡಳಿತ ಇಲಾಖೆ ರಸ್ತೆಯನ್ನು ತಿರಸ್ಕರಿಸಿತು. ಆಮೇಲೂ ಭೂ ವಿನಿಮಯದ ಒಪ್ಪಂದಗಳು, ನ್ಯಾಯಾಲಯದ ಮೊಕದ್ದಮೆಗಳು ನಡೆದೇ ಇವೆ. ನಡುವೆ 2007ರಿಂದ 2010ರವರೆಗೆ ನೀರು-ನೆಲ ಎರಡರ ಮೇಲೂ ತೇಲಿ ಸಾಗುವ ಹೋವರ್‌ಕ್ರಾಫ್ಟ್ ಓಡಿಸಿ ನೋಡಿದರು. ಖರ್ಚೂ ಹವಾಮಾನವೂ ಅದನ್ನು ನಿಲ್ಲಿಸಿದವು.

ಆ ಎರಡು ಊರುಗಳ ಮಟ್ಟಿಗೆ ಹೇಳುವುದಾದರೆ, ಒಬ್ಬರು ತಮ್ಮ ಕಾರಿನ ಸಮೇತ ಇಲ್ಲಿಂದ ಅಲ್ಲಿಗೆ ಹೋಗಲು ಟಸ್ಟುಮೀನಾ ಬರುವ ದಿನವನ್ನು ಕಾಯಬೇಕು.

ವಾಹನ ಹೊರುವ ಹಡಗಿನ ಅಪಾಯ

ಸರಕಿನ ಹಡಗಿನ ಹೊಟ್ಟೆಯನ್ನು ಅಡ್ಡಗೋಡೆಗಳಿಂದ ಹಲವು ಕೋಣೆಗಳಾಗಿ ಭಾಗಿಸಿರುತ್ತಾರೆ. ಎಲ್ಲೋ ತೂತು ಬಿದ್ದು ನೀರು ನುಗ್ಗಿದರೂ ಅದು ಒಂದು ಕೋಣೆಯಲ್ಲಿ ನಿಲ್ಲುತ್ತದೆ. ವಾಹನ ಹೊರುವ ಹಡಗಿನಲ್ಲಿ ಹಾಗೆ ಮಾಡುವುದು ಕಷ್ಟ. ಕಾರು, ಲಾರಿಗಳು ಈ ತುದಿಯಿಂದ ಆ ತುದಿಗೆ ಚಲಿಸಬೇಕಾದ್ದರಿಂದ ವಾಹನಗಳ ಅಂತಸ್ತು ಗೋಡೆಯಿಲ್ಲದ ಉದ್ದನೆಯ ಅಂಗಳವಾಗಿರಬೇಕು.

ಆ ಅಂಗಳಕ್ಕೆ ನೀರು ಹೊಕ್ಕರೆ ಏನಾಗುತ್ತದೆ? ಅಗಲವಾದ ಪರಾತದಲ್ಲಿ ಅರ್ಧ ನೀರು ತುಂಬಿ ಎತ್ತಿಕೊಂಡು ನಡೆದವರಿಗೆ ಇದು ಗೊತ್ತು. ಕೈ ತುಸು ಓರೆಯಾದರೆ ನೀರೆಲ್ಲ ಆ ಕಡೆಗೆ ಓಡಿ ಪರಾತವನ್ನು ಇನ್ನಷ್ಟು ಓರೆ ಮಾಡುತ್ತದೆ. ಅಷ್ಟೇ ನೀರು ಕಿರಿದಾದ ತಂಬಿಗೆಯಲ್ಲಿದ್ದರೆ ತೊಂದರೆಯಿಲ್ಲ. ಹಡಗಿನಲ್ಲೂ ಅಷ್ಟೆ. ಅಂತಸ್ತಿನ ಮೇಲೆ ಕೆಲವೇ ಅಂಗುಲ ನೀರು ಹರಡಿದರೂ ಅದು ವಾಲಿದ ಕಡೆಗೇ ನುಗ್ಗಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಜೀಬ್ರುಗೆ ಬಂದರಿನಿಂದ ಹೊರಟ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಎಂಬ ಬ್ರಿಟಿಷ್ ಫೆರ್ರಿ (ಜನ-ವಾಹನಗಳನ್ನು ದಾಟಿಸುವ ಹಡಗು) ಮೂತಿಯ ಬಾಗಿಲು ಮುಚ್ಚದೆಯೇ ಸಾಗಿ, ನೀರು ಒಳನುಗ್ಗಿ, ನಿಮಿಷಗಳಲ್ಲಿ ಮಗುಚಿತು. 193 ಮಂದಿ ಸತ್ತರು.

ಈ ಕಾರಣಕ್ಕೆ ಎಲ್ಲ ಫೆರ್ರಿಗಳನ್ನೂ ಎಲ್ಲ ನೀರಿಗೂ ಇಳಿಸುವಂತಿಲ್ಲ. ಆಗ್ನೇಯ ಅಲಾಸ್ಕಾದಲ್ಲಿ ದ್ವೀಪಗಳ ಮರೆಯಲ್ಲಿ ಶಾಂತ ಜಲಮಾರ್ಗವಿದೆ. ಅಲ್ಲಿಗೆ ಹಗುರ ವಿನ್ಯಾಸ ಸಾಕು. ಪಶ್ಚಿಮದ ದಂಡೆಗೆ ಅಂಥ ಮರೆಯಿಲ್ಲ. ಚಳಿಗಾಲದಲ್ಲಿ ಅಲ್ಯೂಷಿಯನ್ ದ್ವೀಪಗಳ ಮೇಲೆ ವಾಯುಭಾರ ಕುಸಿತ ನೆಲೆಯೂರಿ ಬಿರುಗಾಳಿಗಳನ್ನು ಒಂದರ ಹಿಂದೆ ಒಂದನ್ನು ಎಬ್ಬಿಸುತ್ತದೆ. ದೂರದ ಯಾನವನ್ನು ಬೇಸಿಗೆಗೆ ಸೀಮಿತಗೊಳಿಸಿರುವುದಕ್ಕೆ ಇದೂ ಒಂದು ಕಾರಣ. ಅಲಾಸ್ಕಾ ಸರಕಾರದ ಫೆರ್ರಿಗಳಲ್ಲಿ ತೆರೆದ ಸಾಗರಕ್ಕೆ ತಕ್ಕವು ಎರಡೇ: ಟಸ್ಟುಮೀನಾ ಮತ್ತು 1998ರಲ್ಲಿ ಬಂದ ಕೆನಿಕಾಟ್. ಕೆನಿಕಾಟ್ ಗಾತ್ರದಲ್ಲಿ ದೊಡ್ಡದು. ಪಶ್ಚಿಮದ ಕೆಲವು ಸಣ್ಣ ದಕ್ಕೆಗಳಿಗೆ ಅದು ಹೊಂದುವುದಿಲ್ಲ.

ಹಡಗಿನೊಳಗಿನ ಲಿಫ್ಟ್

ಟಸ್ಟುಮೀನಾ ಹಡಗಿನ ಅತ್ಯಂತ ಸ್ವಾರಸ್ಯಕರ ಭಾಗ ಅದರ ಹಿಂಬದಿಯಲ್ಲಿರುವ ವಾಹನಗಳ ಲಿಫ್ಟ್. ಅದು ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಭರತ-ಇಳಿತದಿಂದ ಆರಂಭಿಸಬೇಕು.

ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೆರಡು ಮೀಟರ್ ವ್ಯತ್ಯಾಸ. ಆದ್ದರಿಂದ ಅಘನಾಶಿನಿಯ ಬಾರ್ಜಿನಂಥವು ಇಳಿಜಾರು ಹಲಗೆ ಚಾಚಿ ವಾಹನಗಳನ್ನು ಹತ್ತಿಸಿಕೊಳ್ಳಬಲ್ಲವು. ಹೋಮರ್ ಇರುವ ಕುಕ್ ಕೊಲ್ಲಿ ಒಳಹೋದಂತೆ ಕಿರಿದಾಗುತ್ತದೆ. ಅದರ ಉದ್ದ-ಆಳಗಳು ಹೇಗಿವೆಯೆಂದರೆ, ಅಲ್ಲಿನ ನೀರಿನ ಸಹಜ ತೂಗಾಟದ ಅವಧಿ ಭರತ-ಇಳಿತದ ಹನ್ನೆರಡೂವರೆ ಗಂಟೆಗಳ ಲಯಕ್ಕೆ ಹತ್ತಿರವಾಗಿ, ಒಂದು ಇನ್ನೊಂದನ್ನು ಬಲಪಡಿಸುತ್ತದೆ. ಹುಣ್ಣಿಮೆ-ಅಮಾವಾಸ್ಯೆಗಳ ಹೊತ್ತಿಗೆ ಹೋಮರ್‌ನಲ್ಲಿ ನೀರಿನ ಮಟ್ಟ ಆರು ಗಂಟೆಗಳಲ್ಲಿ ಏಳೆಂಟು ಮೀಟರ್ ಏರುವುದೂ ಇಳಿಯುವುದೂ ಉಂಟು. ಎರಡಂತಸ್ತಿನ ಮನೆಯ ಎತ್ತರವದು. ದಕ್ಕೆ ಅಲುಗಾಡದೆ ನಿಂತಿರುತ್ತದೆ. ಹಡಗು ನೀರಿನೊಂದಿಗೆ ಏರಿಳಿಯುತ್ತದೆ.

ದೊಡ್ಡ ಬಂದರುಗಳಲ್ಲಿ ಇದಕ್ಕೆ ಪರಿಹಾರ ನೀರಿನೊಂದಿಗೆ ಏರಿಳಿಯುವ ತೇಲು ದಕ್ಕೆ, ಬಾಗುವ ಸೇತುವೆ. ಪಶ್ಚಿಮದ ಸಣ್ಣ ಊರುಗಳಲ್ಲಿ ಅಂಥವನ್ನು ಕಟ್ಟಿಲ್ಲ. ಅಲ್ಲಿ ಭರತದ ಏರಿಳಿತ ಹೋಮರ್‌ನಷ್ಟಿಲ್ಲವಾದರೂ ದಕ್ಕೆಗಳ ಎತ್ತರ ಒಂದೊಂದು ಊರಲ್ಲಿ ಒಂದೊಂದು ಬಗೆ. ಕೆಲವು ಮೀನು ಕಾರ್ಖಾನೆಗಳ ಅನುಕೂಲಕ್ಕೆ ಕಟ್ಟಿದವು. ಪ್ರತಿ ಊರಿನ ದಕ್ಕೆಯನ್ನು ಬದಲಿಸುವುದಕ್ಕಿಂತ ಹಡಗಿನಲ್ಲೇ ಪರಿಹಾರ ಇಡುವುದು ಜಾಣತನ ಎಂದು 1960ರ ದಶಕದ ವಿನ್ಯಾಸಕಾರರು ನಿರ್ಧರಿಸಿದರು.

ಕೆಲಸ ನಡೆಯುವ ಬಗೆ ಹೀಗೆ. ಹಡಗು ದಕ್ಕೆಗೆ ಒತ್ತಿ ನಿಲ್ಲುತ್ತದೆ, ಹಗ್ಗಗಳನ್ನು ಬಿಗಿಯುತ್ತಾರೆ. ಲಿಫ್ಟಿನ ಹಲಗೆ ಮೇಲಕ್ಕೆ ಬಂದು ದಕ್ಕೆಯ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ನಡುವಿನ ಸಂದಿಗೆ ಉಕ್ಕಿನ ಹಲಗೆ ಹಾಸಿದ ಮೇಲೆ ಸಿಬ್ಬಂದಿಯ ಕೈಸನ್ನೆಯಂತೆ ವಾಹನ ಮೆಲ್ಲಗೆ ಲಿಫ್ಟಿನ ಮೇಲೆ ಬರುತ್ತದೆ. ಒಂದು ಸಲಕ್ಕೆ ಹಿಡಿಸುವುದು ಬೆರಳೆಣಿಕೆಯಷ್ಟು. ಲಿಫ್ಟ್ ಕೆಳಗಿಳಿಯುತ್ತದೆ, ವಾಹನವನ್ನು ತಿರುಗುವ ಹಲಗೆಯ ಮೇಲೆ ಬೇಕಾದ ದಿಕ್ಕಿಗೆ ತಿರುಗಿಸಿ ಅದರ ಸಾಲಿಗೆ ಕಳಿಸುತ್ತಾರೆ. ಚಕ್ರಗಳಿಗೆ ಅಡ್ಡೆ ಕೊಟ್ಟು, ಸರಪಳಿಗಳಿಂದ ನೆಲಕ್ಕೆ ಬಿಗಿದು ಕಟ್ಟುತ್ತಾರೆ. ಆಮೇಲೆ ಮುಂದಿನದು.

ಇದಕ್ಕೆ ಹೊತ್ತು ಹಿಡಿಯುತ್ತದೆ. ಅದರ ಜೊತೆ ಇನ್ನೊಂದು ತಲೆನೋವು: ಮೊದಲು ಒಳಗೆ ಹೋದ ವಾಹನ ಕೊನೆಗೆ ಹೊರಬರುತ್ತದೆ. ಚಿಗ್ನಿಕ್‌ನಲ್ಲಿ ಇಳಿಯಬೇಕಾದ ಜೀಪು ಡಚ್ ಹಾರ್ಬರ್‌ಗೆ ಹೋಗುವ ಲಾರಿಯ ಹಿಂದೆ ಸಿಕ್ಕಿಕೊಂಡರೆ ಚಿಗ್ನಿಕ್‌ನ ದಕ್ಕೆಯಲ್ಲಿ ಲಾರಿಯನ್ನೂ ಹೊರತೆಗೆದು ಮತ್ತೆ ಒಳಗಿಡಬೇಕು. ಹಾಗಾಗಿ ಯಾವ ವಾಹನ ಎಲ್ಲಿ ಇಳಿಯುತ್ತದೆ, ಎಷ್ಟು ತೂಕ, ಎಷ್ಟು ಉದ್ದ ಎಂಬುದನ್ನು ಹೊರಡುವ ಮೊದಲೇ ಲೆಕ್ಕ ಹಾಕಿ ಜಾಗ ಗೊತ್ತುಮಾಡುತ್ತಾರೆ. ಹಡಗಿನ ಒಟ್ಟು ಜಾಗವೇ 34 ಕಾರುಗಳಷ್ಟು.

ಹತ್ತುವವರು ಯಾರು

ಹಡಗಿನ ಉದ್ದ 296 ಅಡಿ. 1964ರಲ್ಲಿ ಅಮೆರಿಕದ ಮಹಾಸರೋವರಗಳ ದಂಡೆಯ ವಿಸ್ಕಾನ್ಸಿನ್ ರಾಜ್ಯದ ಸ್ಟರ್ಜನ್ ಬೇಯಿಂದ ಹೊರಟಾಗ ಇನ್ನೂ ಗಿಡ್ಡವಿತ್ತು. 1969ರಲ್ಲಿ ನಡುವೆ ಕತ್ತರಿಸಿ, ಹೊಸ ತುಂಡು ಸೇರಿಸಿ ಉದ್ದ ಮಾಡಿದರು. ಸುಮಾರು 160 ಪ್ರಯಾಣಿಕರಿಗೆ ಜಾಗವಿದೆ. ಮಲಗಲು ಕೋಣೆಗಳು ಇಪ್ಪತ್ತಾರೋ ಏನೋ ಅಷ್ಟೇ ಆದ್ದರಿಂದ ಉಳಿದವರು ಕುರ್ಚಿಗಳಲ್ಲಿ, ಮೇಲಿನ ಅಂತಸ್ತಿನ ಗಾಜಿನ ಮರೆಯಲ್ಲಿ ಹಾಸಿಗೆ ಚೀಲ ಬಿಚ್ಚಿ ಮಲಗುತ್ತಾರೆ.

ಆಂಕರೇಜ್‌ನಲ್ಲಿ ಕಾರು ಕೊಂಡ ದ್ವೀಪವಾಸಿ ಅದನ್ನು ಹೋಮರ್‌ವರೆಗೆ ಓಡಿಸಿಕೊಂಡು ಬಂದು ಹಡಗು ಹತ್ತಿಸುತ್ತಾನೆ. ವರ್ಗವಾದ ಶಿಕ್ಷಕಿ ಮನೆಯ ಸಾಮಾನು ತುಂಬಿದ ಗಾಡಿಯೊಂದಿಗೆ ಬರುತ್ತಾಳೆ. ಮೀನಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರು, ಬಂಧುಗಳ ಮನೆಗೆ ಹೊರಟ ಅಜ್ಜಿಯರು, ಹಕ್ಕಿ-ತಿಮಿಂಗಿಲಗಳನ್ನು ನೋಡಲು ಬಂದ ಪ್ರವಾಸಿಗರು ಒಟ್ಟಿಗೆ ಸಾಗುತ್ತಾರೆ. ಮಾರುಕಟ್ಟೆಗೆ ಬೇಕಾದ ಭಾರಿ ಸರಕೆಲ್ಲ ಬೇರೆ ಸರಕು ಹಡಗುಗಳಲ್ಲಿ ಬರುತ್ತದೆ. ಆದರೆ ಸಾಮಾನ್ಯ ಕುಟುಂಬವೊಂದು ತನ್ನ ಗಾಡಿ, ನಾಯಿ, ಪೆಟ್ಟಿಗೆಗಳ ಸಮೇತ ಕೈಗೆಟಕುವ ದರದಲ್ಲಿ ಹೋಗಬಹುದಾದ ದಾರಿ ಇದೊಂದೇ. ಹಡಗಿನಲ್ಲಿ ಮೇಜಿಗೆ ತಂದು ಬಡಿಸುವ ಊಟದ ಮನೆ ಇದೆ. ಹೋಟೆಲ್ ಎಂಬುದೇ ಇಲ್ಲದ ಊರುಗಳಲ್ಲಿ ಹಡಗು ಕಟ್ಟಿದ ಒಂದೆರಡು ಗಂಟೆಯಲ್ಲಿ ಊರಿನವರು ಮಕ್ಕಳೊಂದಿಗೆ ಹತ್ತಿ ಬಂದು, ಬರ್ಗರ್ ತಿಂದು, ಪರಿಚಯದ ಸಿಬ್ಬಂದಿಯೊಂದಿಗೆ ಮಾತಾಡಿ ಇಳಿದು ಹೋಗುತ್ತಾರೆ. ಊರಿನವರು ಹಡಗನ್ನು ಕರೆಯುವುದು 'ಟ್ರಸ್ಟಿ ಟಸ್ಟಿ' ಎಂದು, ನಂಬಿಕಸ್ಥ ಟಸ್ಟಿ ಎಂಬ ಅರ್ಥದಲ್ಲಿ.

ವಿಮಾನವಿದೆಯಲ್ಲ ಎನ್ನಬಹುದು. ವಿಮಾನವಿದೆ, ಮಂಜು, ಗಾಳಿಗಳಿಂದ ದಿನಗಟ್ಟಲೆ ರದ್ದಾಗುತ್ತದೆ, ಟಿಕೆಟ್ ದುಬಾರಿ, ಕಂಪನಿಗಳೂ ಶಾಶ್ವತವಲ್ಲ. 2020ರ ಏಪ್ರಿಲ್‌ನಲ್ಲಿ ಈ ಭಾಗದ ಮುಖ್ಯ ವಿಮಾನ ಕಂಪನಿ ರಾವೆನ್ ದಿವಾಳಿಯಾದಾಗ ಹಲವು ಊರುಗಳ ನಿತ್ಯದ ಹಾರಾಟ ಒಮ್ಮೆಲೇ ನಿಂತಿತು.

ಖರ್ಚು ಯಾರದು

1959ರಲ್ಲಿ ಅಲಾಸ್ಕಾ ಅಮೆರಿಕದ ರಾಜ್ಯವಾಯಿತು. ರಸ್ತೆ ಹಾಕಲಾಗದ ಕಡೆ ಸರಕಾರ ಹಡಗು ಓಡಿಸಬೇಕೆಂದು ಹೊಸ ರಾಜ್ಯ ನಿರ್ಧರಿಸಿತು. 1963ರಲ್ಲಿ ಮಲಸ್ಪೀನಾ, ಟಾಕು, ಮಟನುಸ್ಕಾ ಎಂಬ ಮೂರು ಹಡಗುಗಳೊಂದಿಗೆ ಅಲಾಸ್ಕಾ ಸಾಗರ ಹೆದ್ದಾರಿ ವ್ಯವಸ್ಥೆ ಆರಂಭವಾಯಿತು. ಈಗ ಅದು ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಿಂದ ಡಚ್ ಹಾರ್ಬರ್‌ವರೆಗೆ ಸುಮಾರು 3,500 ಮೈಲಿ ಹರಡಿದ್ದು ಮೂವತ್ತಕ್ಕೂ ಹೆಚ್ಚು ಊರುಗಳನ್ನು ಬೆಸೆಯುತ್ತದೆ. ಇದನ್ನು ನೋಡಿಕೊಳ್ಳುವುದು ರಾಜ್ಯದ ಸಾರಿಗೆ ಇಲಾಖೆ. ಹಡಗು, ದಕ್ಕೆಗಳಿಗೆ ರಾಷ್ಟ್ರೀಯ ಹೆದ್ದಾರಿಗಳ ಅನುದಾನವೂ ಸಿಗುತ್ತದೆ.

ಟಿಕೆಟ್ ಹಣ ಓಡಾಟದ ಖರ್ಚಿನ ಒಂದು ಭಾಗವನ್ನಷ್ಟೇ ತುಂಬುತ್ತದೆ. ಉಳಿದದ್ದು ರಾಜ್ಯದ ಬೊಕ್ಕಸದಿಂದ ಬರಬೇಕು. ಅಲಾಸ್ಕಾದಲ್ಲಿ ರಾಜ್ಯ ಆದಾಯ ತೆರಿಗೆಯೂ ಇಲ್ಲ, ರಾಜ್ಯಮಟ್ಟದ ಮಾರಾಟ ತೆರಿಗೆಯೂ ಇಲ್ಲ. ದಶಕಗಳ ಕಾಲ ಬೊಕ್ಕಸ ನಡೆದದ್ದು ಮುಖ್ಯವಾಗಿ ತೈಲದ ಆದಾಯದಿಂದ. ತೈಲದ ಬೆಲೆ ಕುಸಿದ ವರ್ಷ ಫೆರ್ರಿಯ ಅನುದಾನಕ್ಕೂ ಕತ್ತರಿ ಬೀಳುತ್ತದೆ. 2019ರಲ್ಲಿ ರಾಜ್ಯಪಾಲ ಮೈಕ್ ಡನ್ಲೀವಿ ದೊಡ್ಡ ಕಡಿತ ಪ್ರಸ್ತಾಪಿಸಿದರು. ಅದೇ ಬೇಸಿಗೆಯಲ್ಲಿ ವೇತನ ಒಪ್ಪಂದದ ವಿಚಾರವಾಗಿ ಹಡಗಿನ ನೌಕರರು ಮುಷ್ಕರ ಹೂಡಿದಾಗ ಇಡೀ ವ್ಯವಸ್ಥೆ ಸ್ಥಗಿತಗೊಂಡಿತು. ಅಲ್ಲಿ ರಾಜ್ಯಪಾಲರೆಂದರೆ ಜನರಿಂದ ಚುನಾಯಿತರಾಗಿ ಸರಕಾರ ನಡೆಸುವವರು, ನಮ್ಮ ಮುಖ್ಯಮಂತ್ರಿಗಳ ಸ್ಥಾನದವರು ಎಂಬುದನ್ನು ನೆನಪಿಡಬೇಕು.

ಉಕ್ಕಿಗೆ ವಯಸ್ಸಾದರೆ

ರಸ್ತೆಯಲ್ಲಿ ಗುಂಡಿ ಬಿದ್ದರೂ ಬಳಸಿಕೊಂಡು ಹೋಗಬಹುದು. ಹಡಗು ದುರಸ್ತಿಗೆ ಹೋದರೆ ದಾರಿಯೇ ಇರುವುದಿಲ್ಲ. ಟಸ್ಟುಮೀನಾ ಬಗೆಗಿನ ಆತಂಕವೆಲ್ಲ ಇಲ್ಲಿಂದ ಹುಟ್ಟುತ್ತದೆ.

ಉಪ್ಪುನೀರು ಉಕ್ಕನ್ನು ತಿನ್ನುತ್ತದೆ. ಹೊರಮೈಗೆ ಬಣ್ಣ ಬಳಿಯಬಹುದು, ಬೇಗ ಸವೆಯುವ ಸತುವಿನ ತುಂಡುಗಳನ್ನು ಅಂಟಿಸಿ ತುಕ್ಕನ್ನು ಅವುಗಳ ಕಡೆಗೆ ತಿರುಗಿಸಬಹುದು. ಕಷ್ಟವಿರುವುದು ಕೈಗೆಟಕದ ಕಡೆ: ನೀರಿನ ತೊಟ್ಟಿಗಳ ಒಳಬದಿ, ಸ್ನಾನದ ಕೋಣೆಯ ನೆಲಹಾಸಿನ ಅಡಿ, ಕೊಳವೆಗಳು ಹಾದುಹೋಗುವ ಸಂದುಗಳು. ಹಡಗನ್ನು ನಿಯಮಿತವಾಗಿ ಡ್ರೈ ಡಾಕ್‌ಗೆ, ಅಂದರೆ ನೀರಿಲ್ಲದ ದುರಸ್ತಿ ಕಟ್ಟೆಗೆ ಏರಿಸಿ, ಶಬ್ದತರಂಗಗಳಿಂದ ಉಕ್ಕಿನ ದಪ್ಪ ಅಳೆಯುತ್ತಾರೆ. ತೆಳುವಾದ ಕಡೆ ಹಳೆಯ ತಗಡು ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಮೇಲಷ್ಟೇ ಪ್ರಯಾಣಿಕರನ್ನು ಹತ್ತಿಸಬಹುದು. ಒಂದು ತಗಡು ಬಿಚ್ಚಿದಾಗ ಅದರ ಹಿಂದೆ ಇನ್ನೆಷ್ಟು ಹಾಳಾಗಿದೆ ಎಂಬುದು ಮೊದಲೇ ತಿಳಿಯದು. ಹಳೆಯ ಹಡಗಿನ ದುರಸ್ತಿ ಹೇಳಿದ ದಿನಕ್ಕೆ ಮುಗಿಯದಿರುವುದು ಇದರಿಂದಲೇ. 2013ರಲ್ಲಿ ಟಸ್ಟುಮೀನಾ ದುರಸ್ತಿ ಎಳೆದು ಎಳೆದು ಬೇಸಿಗೆಯ ಯಾನಗಳೇ ರದ್ದಾದವು. ಆ ವರ್ಷ ಪಶ್ಚಿಮದ ಊರುಗಳು ತಮ್ಮ ಹಡಗನ್ನು ಕಾಣಲಿಲ್ಲ.

ಒಟ್ಟಿಗೆ ಹುಟ್ಟಿದ ಹಡಗುಗಳು ಒಂದೊಂದಾಗಿ ಸರಿದಿವೆ. ಮಲಸ್ಪೀನಾ 2019ರಲ್ಲಿ ನಿಂತಿತು. ಮಟನುಸ್ಕಾದ ಉಕ್ಕು ಬಹಳ ಸವೆದಿರುವುದು ಪತ್ತೆಯಾಗಿ 2022ರಲ್ಲಿ ಅದೂ ನಿಂತಿತು. ಟಾಕುವಿನ ಕಥೆ ನಮ್ಮ ದೇಶದಲ್ಲೇ ಮುಗಿಯಿತು: 2018ರಲ್ಲಿ ದುಬೈನ ಕಂಪನಿಯೊಂದು ಅದನ್ನು 1,71,000 ಡಾಲರ್‌ಗೆ ಕೊಂಡಿತು, ಪೆಸಿಫಿಕ್ ದಾಟಿ ಬಂದ ಹಡಗನ್ನು ಗುಜರಾತಿನ ಅಲಂಗ್ ಕಡಲತೀರದಲ್ಲಿ ಒಡೆದು ಗುಜರಿ ಮಾಡಲಾಯಿತು.

ಹೊಸ ಹಡಗು ಏಕೆ ಬಂದಿಲ್ಲ

ಹಣ ಕೊಟ್ಟರೆ ಕೊರಿಯಾದಲ್ಲೋ ನಾರ್ವೆಯಲ್ಲೋ ಫೆರ್ರಿ ಕಟ್ಟಿಕೊಡುತ್ತಾರೆ. ಅಲಾಸ್ಕಾ ಹಾಗೆ ಕೊಳ್ಳುವಂತಿಲ್ಲ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದಾಗಿರಬೇಕು, ಅಮೆರಿಕನ್ನರ ಒಡೆತನದಲ್ಲಿರಬೇಕು, ಅವರೇ ನಡೆಸಬೇಕು ಎಂದು 1920ರ ಜೋನ್ಸ್ ಕಾಯ್ದೆ ಹೇಳುತ್ತದೆ. ಪ್ರಯಾಣಿಕರ ಹಡಗುಗಳಿಗೆ 1886ರಷ್ಟು ಹಿಂದೆಯೇ ಇಂಥ ಕಾನೂನಿದೆ. ದೇಶದ ಹಡಗುಕಟ್ಟೆಗಳನ್ನೂ ನಾವಿಕರನ್ನೂ ಉಳಿಸಿಕೊಳ್ಳುವುದು ಇದರ ಉದ್ದೇಶ. ಪರಿಣಾಮವಾಗಿ ಆಯ್ಕೆ ಮಾತ್ರ ಕಿರಿದಾಗಿದೆ. ಅಮೆರಿಕದಲ್ಲಿ ಇಂಥ ಹಡಗು ಕಟ್ಟಬಲ್ಲ ಕಟ್ಟೆಗಳು ಕೆಲವೇ. ಅವಕ್ಕೆ ನೌಕಾಪಡೆ, ಕರಾವಳಿ ಪಡೆಯ ಕೆಲಸಗಳೇ ಕೈತುಂಬ ಇವೆ. ಬೆಲೆಯೂ ವಿದೇಶಿ ಬೆಲೆಗಿಂತ ಹಲವು ಪಟ್ಟು.

2021ರ ಕೊನೆಯಲ್ಲಿ ಒಕ್ಕೂಟ ಸರಕಾರದ ಮೂಲಸೌಕರ್ಯ ಕಾನೂನು ಗ್ರಾಮೀಣ ಫೆರ್ರಿ ಸೇವೆಗಳಿಗೆ ಐದು ವರ್ಷಗಳಲ್ಲಿ ನೂರು ಕೋಟಿ ಡಾಲರ್ ಎತ್ತಿಟ್ಟಿತು. ಅದರ ಬೆನ್ನಿಗೇ ಟಸ್ಟುಮೀನಾ ಬದಲಿಗೆ ಹೊಸ ಹಡಗು ಕಟ್ಟಿಸುವುದಾಗಿ ಅಲಾಸ್ಕಾ ಪ್ರಕಟಿಸಿತು. ಮರುವರ್ಷ ಟೆಂಡರ್ ಕರೆದಾಗ ಯಾವ ಹಡಗುಕಟ್ಟೆಯೂ ಮುಂದೆ ಬರಲಿಲ್ಲ. ವಿನ್ಯಾಸವನ್ನೂ ಷರತ್ತುಗಳನ್ನೂ ಮತ್ತೆ ತಿದ್ದಬೇಕಾಯಿತು. ಅಷ್ಟರಲ್ಲಿ ಉಕ್ಕಿನ ಬೆಲೆ, ಕೂಲಿ ಎರಡೂ ಏರಿ ಅಂದಾಜು ವೆಚ್ಚ ಬೆಳೆದಿತ್ತು.

ಹೊಸ ಹಡಗಿನ ಯೋಜನೆಯಲ್ಲಿ ಸುಮಾರು 250 ಪ್ರಯಾಣಿಕರಿಗೆ, 52 ವಾಹನಗಳಿಗೆ ಜಾಗವಿದೆ. ಡೀಸೆಲ್ ಎಂಜಿನ್ ವಿದ್ಯುತ್ ಉತ್ಪಾದಿಸಿ, ಬ್ಯಾಟರಿಯ ನೆರವಿನೊಂದಿಗೆ ಹಡಗನ್ನು ನಡೆಸುವ ಮಿಶ್ರ ವ್ಯವಸ್ಥೆ ಇರಲಿದೆ. ಲಿಫ್ಟ್ ಮಾತ್ರ ಬೇಕೇ ಬೇಕು, ಏಕೆಂದರೆ ದಕ್ಕೆಗಳು ಹಾಗೆಯೇ ಇವೆ. ಉದ್ದವನ್ನೂ ಮನಸ್ಸಿಗೆ ಬಂದಷ್ಟು ಹೆಚ್ಚಿಸುವಂತಿಲ್ಲ. ಅತಿ ಸಣ್ಣ ದಕ್ಕೆಗೂ ಅದು ಹೊಂದಬೇಕು. ಹೀಗೆ ಚಿಗ್ನಿಕ್, ಫಾಲ್ಸ್ ಪಾಸ್‌ನಂಥ ಊರುಗಳ ದಕ್ಕೆಗಳು ಹೊಸ ಹಡಗಿನ ಅಳತೆಯನ್ನು ನಿರ್ಧರಿಸುತ್ತಿವೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೂ ಇಂಥ ಹಡಗನ್ನು ಕಟ್ಟಿ, ಸಮುದ್ರದಲ್ಲಿ ಪರೀಕ್ಷಿಸಿ, ಸೇವೆಗೆ ಇಳಿಸಲು ವರ್ಷಗಳೇ ಬೇಕು. ಅಲ್ಲಿಯವರೆಗೆ 1964ರ ಹಡಗನ್ನೇ ಮತ್ತೆ ಮತ್ತೆ ಡಾಕ್‌ಗೆ ಏರಿಸಿ, ಉಕ್ಕು ಅಳೆದು, ತೆಳುವಾದ ಕಡೆ ಹೊಸ ತಗಡು ಬೆಸೆದು, ಪ್ರಮಾಣಪತ್ರ ಪಡೆದು, ಮೇ ತಿಂಗಳ ಹೊತ್ತಿಗೆ ಪಶ್ಚಿಮದ ಯಾನಕ್ಕೆ ಅಣಿಗೊಳಿಸಬೇಕು.